ಗಿರಾಕಿ ಬರುವುದು ಕಾಲ್ನಡಿಗೆಯಲ್ಲೇ

(ತುಮಕೂರಿನ ವರ್ತಕರ ಸಭೆಯೊಂದರಲ್ಲಿ ಆಡಿದ ಮಾತುಗಳನ್ನು ಅಲ್ಲಲ್ಲಿ ತಿದ್ದಿ ಬರೆದಿದ್ದೇನೆ. ಕೊನೆಗೆ ಸಭೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಭಾಷಣ ಮಾಡುವವನಲ್ಲ. ಈ ಪೇಟೆಯ ಅಂಗಡಿಗಳ ಲೆಕ್ಕ ಬರೆದು, ಜಿಎಸ್‌ಟಿ ರಿಟರ್ನ್ಸ್ ಹಾಕಿ ಹೊಟ್ಟೆ ಹೊರೆಯುವವನು. ಇಲ್ಲಿ ಕೂತಿರುವ ಅರ್ಧ ಜನಕ್ಕೆ ನನ್ನ ಮುಖ ಕಂಡರೆ ರಿಟರ್ನ್ಸ್ ಹಾಕಬೇಕಾದ ತಿಂಗಳ 20ನೇ ತಾರೀಖು ನೆನಪಾಗುತ್ತದೆ. ಇವತ್ತು ಯಾರೂ ಬಿಲ್ ಪುಸ್ತಕ ತಂದಿಲ್ಲ ಅಂದುಕೊಂಡಿದ್ದೇನೆ. ಆರಾಮಾಗಿ ಮಾತಾಡೋಣ.

ಕರಪತ್ರದಲ್ಲಿ ‘ಪೇಟೆಯ ಹೊಸ ಸುದ್ದಿ, ಹೊಸ ಸುಧಾರಣೆ’ ಅಂತ ಹಾಕಿದ್ದಾರೆ. ಸುದ್ದಿಯನ್ನು ಮೊದಲು ಮುಗಿಸಿಬಿಡುತ್ತೇನೆ, ಯಾಕೆಂದರೆ ಅದು ನಿಮಗೆಲ್ಲ ಗೊತ್ತಿರುವುದೇ. 2016ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಸ್ಮಾರ್ಟ್ ಸಿಟಿ ಪಟ್ಟಿಗೆ ಇನ್ನೂ 27 ಊರುಗಳನ್ನು ಸೇರಿಸಿತು. ನಮ್ಮ ರಾಜ್ಯದಿಂದ ಮಂಗಳೂರು, ಶಿವಮೊಗ್ಗ, ಹುಬ್ಬಳ್ಳಿ-ಧಾರವಾಡದ ಜೊತೆ ತುಮಕೂರಿನ ಹೆಸರೂ ಬಂತು. ಕೇಂದ್ರದಿಂದ ಊರಿಗೆ 500 ಕೋಟಿವರೆಗೆ, ರಾಜ್ಯದಿಂದ ಅಷ್ಟೇ, ಇದು ಯೋಜನೆಯ ಲೆಕ್ಕ. ಆಮೇಲೆ ಏನಾಯಿತು ಅಂತ ನಾನು ಹೇಳಬೇಕಾಗಿಲ್ಲ. ಜೆಸಿಬಿ ನಿಂತಿದ್ದು ನಿಮ್ಮ ಬಾಗಿಲ ಮುಂದೆಯೇ. ಬಟ್ಟೆ ಅಂಗಡಿಯವರು ಹೊರಗೆ ತೂಗುಹಾಕಿದ ಸೀರೆಗಳನ್ನು ಒಳಗೆಳೆದುಕೊಂಡರು. ಗಿರಾಕಿ ಹಲಗೆ ಮೇಲೆ ಕಾಲಿಟ್ಟು ಅಂಗಡಿ ಹತ್ತಬೇಕಿತ್ತು. ಅಗೆದ ಗುಂಡಿ ಇನ್ನೇನು ಮುಚ್ಚುತ್ತಾರೆ ಅನ್ನುವಾಗ ಕೊರೋನಾ ಬಂತು.

ಆದರೂ ಬಂದಿದ್ದನ್ನು ಬಂದಿದೆ ಅಂತ ಹೇಳಬೇಕಲ್ಲ. ಮುಖ್ಯ ರಸ್ತೆಗಳು ಹೊಸದಾದವು. ಪಕ್ಕದಲ್ಲಿ ಕಲ್ಲು ಹಾಸಿನ ಫುಟ್‌ಪಾತ್ ಬಂತು, ಕೇಬಲ್‌ಗಳಿಗೆ ನೆಲದಡಿಯಲ್ಲಿ ಕೊಳವೆ ಬಂತು. ಬಸ್ ನಿಲ್ದಾಣವನ್ನು ಹೊಸದಾಗಿ ಕಟ್ಟಿದರು. ಅಮಾನಿಕೆರೆಯ ಕಡೆ ಸಂಜೆ ಹೊತ್ತು ಮಕ್ಕಳನ್ನು ಕರೆದುಕೊಂಡು ಹೋಗುವಂತಾಯಿತು. ಎಲ್ಲ ಚೆನ್ನಾಗಿದೆ ಅಂತಲ್ಲ. ಏನೂ ಆಗಿಲ್ಲ ಅನ್ನುವುದು ಸುಳ್ಳು.

ಈ ನಡುವೆ ಇನ್ನೊಂದು ಸುದ್ದಿ ಬಂದು ಹೋಯಿತು, ಅದನ್ನು ಯಾರೂ ಜಾಸ್ತಿ ಗಮನಿಸಲಿಲ್ಲ. 2025ರ ಮಾರ್ಚ್ 31ಕ್ಕೆ ಸ್ಮಾರ್ಟ್ ಸಿಟಿ ಯೋಜನೆಯೇ ಮುಗಿಯಿತು. ಇನ್ನು ಅಲ್ಲಿಂದ ಹೊಸ ದುಡ್ಡು ಬರುವುದಿಲ್ಲ. ನಮ್ಮಲ್ಲಿ ಯಾವಾಗಲೂ ಇದೇ ಕಥೆ. ಮದುವೆಗೆ ದುಡ್ಡಿರುತ್ತದೆ, ಸಂಸಾರಕ್ಕೆ ಇರುವುದಿಲ್ಲ. ಕಲ್ಲು ಹಾಸುವುದಕ್ಕೆ ಟೆಂಡರ್ ಆಗುತ್ತದೆ. ಅದೇ ಕಲ್ಲು ಮೂರು ವರ್ಷದ ಮೇಲೆ ಅಲುಗಾಡಿದರೆ ಅದನ್ನು ಕೂರಿಸುವವರು ಯಾರು? ಇವತ್ತು ನಾನು ಮಾತಾಡಬೇಕೆಂದಿರುವುದು ಇದೊಂದನ್ನೇ.

ಲೆಕ್ಕ ಬರೆಯುವವನಾಗಿ ಒಂದು ಮಾತು ಹೇಳುತ್ತೇನೆ. ನಿಮ್ಮ ಗಿರಾಕಿ ಕಾರಿನಲ್ಲಿ ಬರಲಿ, ಬೈಕಿನಲ್ಲಿ ಬರಲಿ, ಬಸ್ಸಿನಲ್ಲಿ ಬರಲಿ, ಅಂಗಡಿಯ ಮೆಟ್ಟಿಲು ಹತ್ತುವಾಗ ಕಾಲಲ್ಲೇ ಹತ್ತುತ್ತಾರೆ. ಗಾಡಿ ಬಿಟ್ಟ ಜಾಗದಿಂದ ನಿಮ್ಮ ಗಲ್ಲಾದವರೆಗೆ ನಡಿಗೆಯೇ. ಆ ನಡಿಗೆ ಸುಖವಾಗಿದ್ದರೆ ಒಂದು ಅಂಗಡಿಗೆ ಬಂದವರು ನಾಲ್ಕು ಅಂಗಡಿ ನೋಡುತ್ತಾರೆ. ಕಷ್ಟವಾಗಿದ್ದರೆ ಬೇಕಾದ್ದು ಮಾತ್ರ ತೆಗೆದುಕೊಂಡು ಹೊರಟುಬಿಡುತ್ತಾರೆ. ಎಸ್.ಎಸ್.ಪುರಂ ಮುಖ್ಯರಸ್ತೆಯಲ್ಲಿ ಹೊಸ ಶೋರೂಮ್ ಬಂತು, ಆನ್‌ಲೈನ್‌ನಲ್ಲಿ ಎಲ್ಲ ಸಿಗುತ್ತದೆ, ಅದಕ್ಕೇ ನಮ್ಮ ವ್ಯಾಪಾರ ಬಿತ್ತು ಅಂತ ತುಂಬ ಜನ ನನ್ನ ಹತ್ತಿರ ಹೇಳಿಕೊಳ್ಳುತ್ತಾರೆ. ಇರಬಹುದು. ಆದರೆ ಆನ್‌ಲೈನ್ ಕಂಪನಿಯನ್ನು ನಾವು ಮುಚ್ಚಿಸಲು ಆಗುವುದಿಲ್ಲ. ಫುಟ್‌ಪಾತಿನ ಮೇಲೆ ನಾವೇ ಇಟ್ಟಿರುವ ಬೋರ್ಡನ್ನು ತೆಗೆಯಲು ಆಗುತ್ತದೆ.

ಗಿರಾಕಿ ಅಂದರೆ ಯಾರು ಅಂತ ಸ್ವಲ್ಪ ನೋಡೋಣ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ಅದರ ಬಗ್ಗೆ ನಿಮ್ಮ ನಿಮ್ಮ ಅಭಿಪ್ರಾಯ ಏನೇ ಇರಲಿ, ಪೇಟೆಯ ದೃಷ್ಟಿಯಿಂದ ಅದು ಸ್ಮಾರ್ಟ್ ರಸ್ತೆಯಷ್ಟೇ ದೊಡ್ಡ ಸಂಗತಿ. ಗುಬ್ಬಿ, ಕೊರಟಗೆರೆ, ಕುಣಿಗಲ್, ಶಿರಾ ಕಡೆಯ ಹೆಣ್ಣುಮಕ್ಕಳಿಗೆ ತುಮಕೂರಿಗೆ ಬಂದು ಹೋಗುವ ಬಸ್ ಚಾರ್ಜು ಸೊನ್ನೆಯಾಯಿತು. ಮೊದಲು ಹಬ್ಬಕ್ಕೊಮ್ಮೆ, ಮದುವೆಗೊಮ್ಮೆ ಬರುತ್ತಿದ್ದವರು ಈಗ ಸುಮ್ನೆ ಒಂದು ಬ್ಲೌಸ್ ಪೀಸ್ ಮ್ಯಾಚಿಂಗ್ ನೋಡಲೂ ಬರುತ್ತಾರೆ. ಬಸ್ಸಿನ ದುಡ್ಡು ಉಳಿಯಿತು, ಆ ದುಡ್ಡು ಇಲ್ಲೇ ಎಲ್ಲೋ ಖರ್ಚಾಗುತ್ತದೆ.

ಈಗ ಅಂಥ ಒಬ್ಬ ತಾಯಿಯ ಜೊತೆ ಮನಸ್ಸಿನಲ್ಲೇ ನಡೆದು ನೋಡಿ. ಹನ್ನೊಂದು ಗಂಟೆಗೆ ಬಸ್ ಇಳಿದರು. ಜೊತೆಯಲ್ಲಿ ಮಗಳು, ಸೊಂಟದ ಮೇಲೆ ಮೊಮ್ಮಗು. ಮದುವೆ ಜವಳಿ ನೋಡಬೇಕು. ಅಶೋಕ ರಸ್ತೆಯಲ್ಲಿ ನಡೆದರು. ಫುಟ್‌ಪಾತ್ ಇದೆ. ಇಪ್ಪತ್ತು ಹೆಜ್ಜೆಗೆ ಒಂದು ಬೈಕ್ ಅಡ್ಡ ನಿಂತಿದೆ, ರಸ್ತೆಗಿಳಿದರು. ಮತ್ತೆ ಹತ್ತಿದರು. ಒಂದು ಅಂಗಡಿಯವರು ಮೆಟ್ಟಿಲನ್ನು ಫುಟ್‌ಪಾತಿನ ಮೇಲೆ ಇಳಿಸಿದ್ದಾರೆ, ಇನ್ನೊಬ್ಬರು ಅದಕ್ಕೆ ಇಳಿಜಾರು ಸಿಮೆಂಟ್ ಹಾಕಿದ್ದಾರೆ. ಮತ್ತೆ ಇಳಿದರು. ಆಟೊ ಹಾರ್ನ್ ಹೊಡೆಯಿತು. ಎರಡು ಅಂಗಡಿ ನೋಡುವಷ್ಟರಲ್ಲಿ ಮಧ್ಯಾಹ್ನವಾಯಿತು. ಈಗ ಅವರಿಗೆ ಶೌಚಾಲಯ ಬೇಕು. ಬಸ್ ನಿಲ್ದಾಣಕ್ಕೇ ವಾಪಸ್ ಹೋಗಬೇಕು. ಹೋದರು. ಬಸ್ ಅಲ್ಲೇ ನಿಂತಿತ್ತು, ಹತ್ತಿದರು. ಮೂರನೇ ಅಂಗಡಿಗೆ ಆಗಬೇಕಿದ್ದ ವ್ಯಾಪಾರ ಅಲ್ಲಿಗೆ ಮುಗಿಯಿತು.

ನಗಬೇಡಿ. ಪೇಟೆಯ ಅಭಿವೃದ್ಧಿ ಅಂದರೆ ಎಲ್ಲರೂ ಫ್ಲೈಓವರ್, ಮಾಲ್ ಅನ್ನುತ್ತಾರೆ. ನನ್ನ ಕೇಳಿದರೆ, ಮಂಡಿಪೇಟೆ, ಚಿಕ್ಕಪೇಟೆ, ಎಂ.ಜಿ. ರಸ್ತೆ ಈ ಮೂರು ಕಡೆ ಬಾಗಿಲಿಗೆ ಚಿಲಕ ಇರುವ, ನೀರು ಬರುವ, ಒಬ್ಬ ಹೆಂಗಸು ಉಸ್ತುವಾರಿ ಇರುವ ಶೌಚಾಲಯ ಬಂದರೆ ಜವಳಿ ಅಂಗಡಿಯ ವ್ಯಾಪಾರ ಹೆಚ್ಚುತ್ತದೆ. ಗಂಡಸರು ಗೋಡೆ ನೋಡಿಕೊಳ್ಳುತ್ತಾರೆ, ಅದಕ್ಕೇ ಇದು ನಮ್ಮ ಸಭೆಗಳಲ್ಲಿ ಚರ್ಚೆಗೆ ಬರುವುದೇ ಇಲ್ಲ. ಈ ಸಭೆಯಲ್ಲೂ ಎಷ್ಟು ಜನ ಹೆಣ್ಣುಮಕ್ಕಳಿದ್ದಾರೆ ಅಂತ ಒಮ್ಮೆ ತಿರುಗಿ ನೋಡಿ. ಅಂಗಡಿಯಲ್ಲಿ ಕೆಲಸಕ್ಕಿರುವ ಹುಡುಗಿಯರು ಬೆಳಗ್ಗೆಯಿಂದ ರಾತ್ರಿ ತನಕ ಎಲ್ಲಿಗೆ ಹೋಗುತ್ತಾರೆ ಅಂತ ಮಾಲೀಕರಾಗಿ ಒಮ್ಮೆ ಕೇಳಿಕೊಳ್ಳಿ. ಅವರು ನೀರೇ ಕುಡಿಯುವುದಿಲ್ಲ.

ಫುಟ್‌ಪಾತಿನ ವಿಚಾರಕ್ಕೆ ಬರುತ್ತೇನೆ. ಭಾರತೀಯ ರಸ್ತೆ ಕಾಂಗ್ರೆಸ್ ಅಂತ ಒಂದು ಸಂಸ್ಥೆ ಇದೆ, ರಸ್ತೆ ಹೇಗಿರಬೇಕು ಅಂತ ಅಳತೆ ಗೊತ್ತು ಮಾಡುವುದು ಅವರೇ. ಪಾದಚಾರಿಗಳಿಗೇ ಅಂತ ಅವರದೊಂದು ಕೈಪಿಡಿ ಇದೆ, ಐಆರ್‌ಸಿ 103. ಅದರ ಪ್ರಕಾರ ಮನೆಗಳಿರುವ ಬೀದಿಯಲ್ಲಿ ನಡೆಯಲು ಕನಿಷ್ಠ 1.8 ಮೀಟರ್ ಅಡೆತಡೆಯಿಲ್ಲದ ಜಾಗ ಇರಬೇಕು. ಅಂಗಡಿ ಬೀದಿಯಲ್ಲಿ 2.5 ಮೀಟರ್. ಫುಟ್‌ಪಾತಿನ ಎತ್ತರ 15 ಸೆಂಟಿಮೀಟರ್ ದಾಟಬಾರದು. ಅಂದರೆ ಒಂದು ಗೇಣಿಗಿಂತ ಕಮ್ಮಿ. ಈ ಅಳತೆ ಸುಮ್ನೆ ಬಂದಿದ್ದಲ್ಲ. ಮೊಣಕಾಲು ನೋವಿನ ಅಜ್ಜಿ ಹತ್ತಬಹುದಾದ ಎತ್ತರ ಅದು. ನಾವು ಮಳೆ ನೀರು ಅಂಗಡಿಗೆ ನುಗ್ಗುತ್ತದೆ ಅಂತ ಫುಟ್‌ಪಾತನ್ನೇ ಎತ್ತರಿಸಿದರೆ ಅಜ್ಜಿ ರಸ್ತೆಯಲ್ಲೇ ನಡೆಯುತ್ತಾಳೆ. ನೀರಿಗೆ ಚರಂಡಿ ತೆರವು ಮಾಡುವುದು ಪರಿಹಾರ. ಎತ್ತರ ಮಾಡುವುದು ನಮ್ಮ ನೀರನ್ನು ಪಕ್ಕದ ಅಂಗಡಿಗೆ ಕಳಿಸುವ ಉಪಾಯ ಅಷ್ಟೇ.

ಚರಂಡಿ ಅಂದಾಗ ಛೇಂಬರ್ ಮುಚ್ಚಳದ ಮಾತು ಬರುತ್ತದೆ. ಒಂದು ಮುಚ್ಚಳವನ್ನು ಹತ್ತಿರದಿಂದ ನೋಡಿದ್ದೀರಾ? ಕಲ್ಲು ಹಾಸುವಾಗ ಮುಚ್ಚಳ ಮತ್ತು ನೆಲ ಒಂದೇ ಮಟ್ಟದಲ್ಲಿರುತ್ತವೆ. ಆಮೇಲೆ ಯಾವುದೋ ಕೇಬಲ್‌ನವರು ಬಂದು ಹಾರೆ ಹಾಕಿ ಮುಚ್ಚಳ ಎತ್ತುತ್ತಾರೆ. ಕೆಲಸ ಮುಗಿಸಿ ವಾಪಸ್ ಕೂರಿಸುವಾಗ ಅಂಚಿನಲ್ಲಿ ಒಂದು ಜಲ್ಲಿ ಚೂರು ಸಿಕ್ಕಿಕೊಳ್ಳುತ್ತದೆ. ಮುಚ್ಚಳ ಬೆರಳಿನಷ್ಟು ಮೇಲೆದ್ದಿರುತ್ತದೆ. ಅದರ ಮೇಲೆ ಗೂಡ್ಸ್ ಆಟೊ ಹತ್ತುತ್ತದೆ, ಮೂಲೆ ಮುರಿಯುತ್ತದೆ. ಅಕ್ಕಪಕ್ಕದ ಎರಡು ಕಲ್ಲು ಸಡಿಲವಾಗುತ್ತವೆ. ಮಳೆ ಬಂದಾಗ ಆ ಸಂದಿಯಿಂದ ಕೆಳಗಿನ ಮರಳು ತೊಳೆದುಹೋಗುತ್ತದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅಲ್ಲೊಂದು ಗುಂಡಿ. ಆ ಜಲ್ಲಿ ಚೂರನ್ನು ಮೊದಲ ದಿನವೇ ಕಡ್ಡಿಯಲ್ಲಿ ಕೆರೆದು ತೆಗೆದಿದ್ದರೆ ಖರ್ಚು ಏನೂ ಇರಲಿಲ್ಲ. ಈಗ ಎಸ್ಟಿಮೇಟ್ ಬೇಕು, ಟೆಂಡರ್ ಬೇಕು, ಬಿಲ್ ಪಾಸಾಗಬೇಕು. ಪಾಲಿಕೆಯ ಎಂಜಿನಿಯರ್ ಎಷ್ಟೇ ಒಳ್ಳೆಯವರಿರಲಿ, ದಿನಾ ಬೆಳಗ್ಗೆ ಎಂ.ಜಿ. ರಸ್ತೆಯ ಮುಚ್ಚಳಗಳನ್ನೆಲ್ಲ ನೋಡಿಕೊಂಡು ಬರಲು ಆಗುವುದಿಲ್ಲ. ನೀವು ದಿನಾ ಬೆಳಗ್ಗೆ ಅಲ್ಲೇ ಶಟರ್ ಎತ್ತುತ್ತೀರಿ.

ಇನ್ನು ಪಾರ್ಕಿಂಗ್. ಇದನ್ನು ಹೇಳಿದರೆ ಬೇಜಾರು ಮಾಡಿಕೊಳ್ಳುತ್ತೀರಿ, ಆದರೂ ಹೇಳುತ್ತೇನೆ. ಗಿರಾಕಿಗೆ ಗಾಡಿ ನಿಲ್ಲಿಸಲು ಜಾಗವಿಲ್ಲ ಅನ್ನುವ ದೂರು ಎಲ್ಲರ ಬಾಯಲ್ಲೂ ಇದೆ. ಬೆಳಗ್ಗೆ ಹತ್ತು ಗಂಟೆಗೆ ಈ ರಸ್ತೆಯಲ್ಲಿ ಒಮ್ಮೆ ನಡೆಯಿರಿ. ಆಗ ಗಿರಾಕಿ ಇನ್ನೂ ಬಂದೇ ಇರುವುದಿಲ್ಲ. ಜಾಗ ಮಾತ್ರ ಅರ್ಧ ತುಂಬಿರುತ್ತದೆ. ಯಾರ ಗಾಡಿಗಳು ಅವು? ನಿಮ್ಮವು, ನಿಮ್ಮ ಹುಡುಗರವು, ಮೇಲಿನ ಮಹಡಿಯ ಬ್ಯಾಂಕಿನವರವು, ನನ್ನದೂ ಒಂದು. ಹತ್ತಕ್ಕೆ ನಿಂತ ಗಾಡಿ ರಾತ್ರಿ ಒಂಬತ್ತಕ್ಕೆ ಹೊರಡುತ್ತದೆ. ಒಂದು ಕಾರು ನಿಲ್ಲಲು ಸುಮಾರು ಐದು ಮೀಟರ್ ಉದ್ದ, ಎರಡೂವರೆ ಮೀಟರ್ ಅಗಲ ಬೇಕು. ಅರ್ಧ ಗಂಟೆಗೆ ಒಬ್ಬರಂತೆ ಬಂದುಹೋದರೆ ಅದೇ ಜಾಗದಲ್ಲಿ ದಿನಕ್ಕೆ ಇಪ್ಪತ್ತು ಗಿರಾಕಿ ಕಾರು ನಿಲ್ಲಿಸಬಹುದು. ಈಗ ಅಲ್ಲಿ ಒಬ್ಬರೇ ನಿಲ್ಲಿಸಿದ್ದಾರೆ, ಅವರು ಏನನ್ನೂ ಕೊಳ್ಳುವುದಿಲ್ಲ, ಯಾಕೆಂದರೆ ಅಂಗಡಿ ಅವರದೇ.

ಇದಕ್ಕೆ ಬಹುಮಹಡಿ ಕಟ್ಟಡ ಬೇಕಾಗಿಲ್ಲ. ಅಂಗಡಿಯವರ ಗಾಡಿಗಳು ಐದು ನಿಮಿಷ ನಡೆಯುವಷ್ಟು ದೂರದಲ್ಲಿ ಒಂದು ಕಡೆ ನಿಲ್ಲಲಿ, ತಿಂಗಳ ಪಾಸ್ ಇರಲಿ. ಬೀದಿಯಲ್ಲಿ ಮೊದಲ ಅರ್ಧ ಗಂಟೆ ಪುಕ್ಕಟೆ, ಆಮೇಲೆ ದುಡ್ಡು, ಹೊತ್ತು ಹೆಚ್ಚಾದಂತೆ ದುಡ್ಡೂ ಹೆಚ್ಚು. ಗಿರಾಕಿ ಅರ್ಧ ಗಂಟೆಗೆ ಹೆದರುವುದಿಲ್ಲ. ಹೆದರುವವರು ನಾವು.

ಮಂಡಿಪೇಟೆಯವರ ಸಮಸ್ಯೆ ಬೇರೆ. ಅಲ್ಲಿ ಗಿರಾಕಿಗಿಂತ ಮೂಟೆ ಮುಖ್ಯ. ಲಾರಿ ಬರಲೇಬೇಕು, ಹಮಾಲರು ಬೆನ್ನ ಮೇಲೆ ಅಕ್ಕಿ, ಬೇಳೆ, ಸಕ್ಕರೆ ಹೊತ್ತು ಒಳಗೆ ಹಾಕಲೇಬೇಕು. ಪ್ರಶ್ನೆ ಇರುವುದು ಹೊತ್ತಿನದು. ಹನ್ನೊಂದು ಗಂಟೆಗೆ ಲಾರಿ ಅಡ್ಡ ನಿಂತರೆ ಹಿಂದೆ ಶಾಲೆಯ ವ್ಯಾನ್, ಆಟೊ, ಆಂಬುಲೆನ್ಸ್ ಎಲ್ಲ ನಿಲ್ಲುತ್ತವೆ. ಬೆಳಗ್ಗೆ ಎಂಟರೊಳಗೆ ಇಳಿಸಿ ಮುಗಿಸಬಹುದು ಅಂತ ಹೇಳುವುದು ಸುಲಭ. ಆದರೆ ಹಮಾಲರು ಐದು ಗಂಟೆಗೆ ಬರಬೇಕಾದರೆ ಅವರಿಗೆ ಕೂಲಿ ಜಾಸ್ತಿ ಕೊಡಬೇಕು, ಮಂಡಿಯಲ್ಲಿ ಬಾಗಿಲು ತೆಗೆಯಲು ಯಾರಾದರೂ ಬೇಕು, ಹೊಟ್ಟೆಗೆ ಏನಾದರೂ ಬಿಸಿ ಸಿಗಬೇಕು. ಇದನ್ನೆಲ್ಲ ಲೆಕ್ಕ ಹಾಕದೆ ಪೊಲೀಸರು ಬೋರ್ಡ್ ನೆಟ್ಟರೆ ಎರಡು ವಾರ ನಡೆಯುತ್ತದೆ, ಮೂರನೇ ವಾರ ಬೋರ್ಡಿನ ಕೆಳಗೇ ಲಾರಿ ನಿಲ್ಲುತ್ತದೆ. ಇದು ಮಂಡಿಯವರು, ಹಮಾಲರು, ಲಾರಿಯವರು ಒಂದು ಕಡೆ ಕೂತು ಮಾಡಿಕೊಳ್ಳಬೇಕಾದ ಒಪ್ಪಂದ.

ರಾತ್ರಿಯ ಕಸದ ಮಾತು ಚುಟುಕಾಗಿ ಹೇಳುತ್ತೇನೆ. ಕಸದ ಗಾಡಿ ಬೆಳಗ್ಗೆ ಬರುತ್ತದೆ, ಆಗ ಅಂಗಡಿ ಮುಚ್ಚಿರುತ್ತದೆ. ನಾವು ರಟ್ಟಿನ ಡಬ್ಬಿ, ಥರ್ಮೊಕೋಲ್ ಎಲ್ಲವನ್ನೂ ರಾತ್ರಿ ಬಾಗಿಲ ಹೊರಗೆ ಇಟ್ಟು ಹೋಗುತ್ತೇವೆ. ದನ ಬಂದು ಚೆಲ್ಲಾಡುತ್ತದೆ. ಪೌರಕಾರ್ಮಿಕರು ಬೆಳಗ್ಗೆ ಅದನ್ನು ಬಾಚಬೇಕು. ವ್ಯಾಪಾರದ ಬೀದಿಗಳಿಗೆ ರಾತ್ರಿ ಒಂಬತ್ತರ ಮೇಲೆ ಒಂದು ಸುತ್ತು ಗಾಡಿ ಬಂದರೆ ಮುಗಿಯಿತು. ಕೇಳಿದರೆ ಕೊಡುತ್ತಾರೆ. ನಾವು ಒಟ್ಟಾಗಿ ಕೇಳಿಲ್ಲ.

ತಳ್ಳುಗಾಡಿಯವರ ವಿಷಯದಲ್ಲಿ ನನ್ನ ಅಭಿಪ್ರಾಯ ನಿಮ್ಮಲ್ಲಿ ತುಂಬ ಜನಕ್ಕೆ ಹಿಡಿಸುವುದಿಲ್ಲ. ‘ನಾವು ತೆರಿಗೆ ಕಟ್ಟುತ್ತೇವೆ, ಬಾಡಿಗೆ ಕಟ್ಟುತ್ತೇವೆ, ಅವರು ಮುಂದೆ ನಿಂತು ವ್ಯಾಪಾರ ಮಾಡುತ್ತಾರೆ’ ಅನ್ನುತ್ತೀರಿ. ಸಿಟ್ಟು ಅರ್ಥವಾಗುತ್ತದೆ. ಆದರೆ ಹೂವಿನವಳು, ಬಳೆಯವರು, ಸಂಜೆ ಚುರುಮುರಿಯವನು ಇಲ್ಲದ ಬೀದಿಯಲ್ಲಿ ಎಂಟು ಗಂಟೆಯ ಮೇಲೆ ಒಬ್ಬಳೇ ಹೆಣ್ಣುಮಗಳು ನಡೆಯುತ್ತಾಳಾ? ಜನ ನಿಲ್ಲುವ ಬೀದಿಯಲ್ಲಿ ಇನ್ನಷ್ಟು ಜನ ನಿಲ್ಲುತ್ತಾರೆ. ಕಾನೂನೂ ಅವರ ಕಡೆ ಇದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಊರಿನ ಜನಸಂಖ್ಯೆಯ ಶೇ 2.5ರ ಮಿತಿಯಲ್ಲಿ ಬೀದಿ ವ್ಯಾಪಾರಿಗಳಿಗೆ ಜಾಗ ಮಾಡಿಕೊಡಬೇಕು. 2011ರ ಜನಗಣತಿಯಲ್ಲಿ ನಮ್ಮ ಊರು ಮೂರು ಲಕ್ಷ ದಾಟಿತ್ತು. ಅಂದರೆ ಆ ಲೆಕ್ಕದಲ್ಲೇ ಏಳೂವರೆ ಸಾವಿರ ಜನ. ಬೀದಿ ವ್ಯಾಪಾರದ ವಿಷಯ ನೋಡಿಕೊಳ್ಳುವ ಊರಿನ ಮಾರಾಟ ಸಮಿತಿಯಲ್ಲಿ ಶೇ 40ಕ್ಕೆ ಕಮ್ಮಿಯಿಲ್ಲದಂತೆ ಬೀದಿ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು ಇರಬೇಕು ಅಂತಲೂ ಅದರಲ್ಲಿದೆ. ಅದೇ ಕಾಯ್ದೆ ಜಾಗ ಗುರುತು ಮಾಡಿ, ಗುರುತಿನ ಚೀಟಿ ಕೊಟ್ಟು, ಆಚೀಚೆ ಹೋಗದಂತೆ ನೋಡಿ ಅಂತಲೂ ಹೇಳುತ್ತದೆ. ಜಗಳ ಆಡುವ ಬದಲು ಯಾವ ತಿರುವಿನಲ್ಲಿ ಗಾಡಿ ನಿಂತರೆ ನಡೆಯುವವರಿಗೆ ತೊಂದರೆಯಿಲ್ಲ ಅಂತ ಸಮಿತಿಯ ಮುಂದೆ ನಕ್ಷೆ ಇಡಿ.

ಹೋದ ವರ್ಷ, 2025ರ ಜುಲೈ ಅಂತ ಇಟ್ಟುಕೊಳ್ಳಿ, ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ನೋಟಿಸ್ ಬಂದಾಗ ಏನಾಯಿತು ನೆನಪಿದೆಯಲ್ಲ. ಕಾಂಡಿಮೆಂಟ್ಸ್‌ನವರು ಕ್ಯೂಆರ್ ಕೋಡ್ ಕಿತ್ತು ‘ಕ್ಯಾಶ್ ಮಾತ್ರ’ ಅಂತ ಬರೆದು ಅಂಟಿಸಿದರು. ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷ ವಹಿವಾಟು ವರ್ಷಕ್ಕೆ ದಾಟಿದರೆ ಮಾತ್ರ ಜಿಎಸ್‌ಟಿ ನೋಂದಣಿ, ತರಕಾರಿ, ಹಾಲಿನಂಥದ್ದಕ್ಕೆ ತೆರಿಗೆಯೇ ಇಲ್ಲ ಅಂತ ಯಾರೂ ಅವರಿಗೆ ಮೊದಲೇ ಹೇಳಿರಲಿಲ್ಲ. ಆ ವಾರ ನನ್ನ ಆಫೀಸಿನ ಬೆಂಚಿನ ಮೇಲೆ ದೊಡ್ಡ ಅಂಗಡಿಯವರೂ ತಳ್ಳುಗಾಡಿಯವರೂ ಒಟ್ಟಿಗೆ ಕೂತಿದ್ದರು. ಭಯ ಬಂದಾಗ ಒಂದೇ ಬೆಂಚಿನಲ್ಲಿ ಕೂರುವವರು ಬೀದಿಯ ವಿಷಯಕ್ಕೂ ಒಮ್ಮೆ ಕೂರಬಹುದಲ್ವಾ?

ಈಗ ದೂರದ ಒಂದು ಉದಾಹರಣೆ. ಕೆನಡಾದ ಟೊರಾಂಟೊ ನಗರದಲ್ಲಿ ಬ್ಲೂರ್ ವೆಸ್ಟ್ ವಿಲೇಜ್ ಅಂತ ಒಂದು ಅಂಗಡಿ ಬೀದಿ. 1960ರ ದಶಕದಲ್ಲಿ ಅಲ್ಲಿ ನೆಲದಡಿಯ ರೈಲು ಬಂತು, ರಸ್ತೆಯ ಮೇಲಿನ ಟ್ರಾಮ್ ನಿಂತಿತು. ಕಿಟಕಿಯಿಂದ ಅಂಗಡಿ ನೋಡಿ ಇಳಿಯುತ್ತಿದ್ದ ಜನ ಈಗ ನೆಲದಡಿಯಲ್ಲೇ ಸಾಗಿಬಿಟ್ಟರು. ಊರಾಚೆ ಮಾಲ್‌ಗಳೂ ಬಂದವು. ವರ್ತಕರ ಸಂಘ ಇತ್ತು, ವಂತಿಗೆ ಎತ್ತುತ್ತಿತ್ತು. ಆದರೆ ಕೆಲವರು ಕೊಡುವುದು, ಉಳಿದವರು ಅದರ ಲಾಭ ಪಡೆಯುವುದು. ಇದನ್ನು ಕೇಳಿದರೆ ನಮ್ಮ ಊರಿನ ಕಥೆಯೇ ಅನ್ನಿಸುತ್ತದೆ, ಅಲ್ವಾ? ಅವರು ಸರ್ಕಾರದ ಹತ್ತಿರ ಹೋಗಿ ಒಂದು ಬೇಡಿಕೆ ಇಟ್ಟರು. ‘ನಮ್ಮ ಬೀದಿಯ ಪ್ರತಿ ಅಂಗಡಿಯ ಮೇಲೂ ನೀವೇ ಒಂದು ಸಣ್ಣ ತೆರಿಗೆ ಹಾಕಿ, ವಸೂಲಿ ಮಾಡಿ ನಮಗೇ ಕೊಡಿ. ಖರ್ಚು ಈ ಬೀದಿಗೇ ಆಗಬೇಕು’ ಅಂತ. ವ್ಯಾಪಾರಿಗಳೇ ತೆರಿಗೆ ಹಾಕಿ ಅಂತ ಕೇಳಿದ್ದು! ಅದಕ್ಕೆ ಕಾನೂನು ಬಂತು, 1970ರಲ್ಲಿ ವ್ಯವಸ್ಥೆ ಶುರುವಾಯಿತು. ಜಗತ್ತಿನಲ್ಲೇ ಮೊದಲನೆಯದು. ಮೊದಲು ಮಾಡಿದ್ದು ದೊಡ್ಡದೇನಲ್ಲ, ದೀಪ, ಬೆಂಚು, ಗಿಡದ ಕುಂಡ. ಈಗ ಟೊರಾಂಟೊ ಒಂದರಲ್ಲೇ ಇಂಥ 80ಕ್ಕೂ ಹೆಚ್ಚು ಬೀದಿಗಳಿವೆ. ನ್ಯೂಯಾರ್ಕ್, ಲಂಡನ್ ಎಲ್ಲ ಕಡೆ ಈ ಪದ್ಧತಿ ಹೋಯಿತು.

ನಮ್ಮ ಕಡೆಗೂ ಒಂದು ಪಾಠ ಇದೆ. ದೆಹಲಿಯ ಚಾಂದನಿ ಚೌಕ್ ನಮ್ಮ ಮಂಡಿಪೇಟೆಗಿಂತ ಎಷ್ಟೋ ಹಳೆಯದು, ಎಷ್ಟೋ ಕಿಕ್ಕಿರಿದದ್ದು. ಕೆಂಪುಕೋಟೆಯಿಂದ ಫತೇಪುರಿ ಮಸೀದಿವರೆಗಿನ 1.3 ಕಿಲೋಮೀಟರ್‌ನಲ್ಲಿ ಬೆಳಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತರವರೆಗೆ ಮೋಟಾರು ಗಾಡಿ ಇಲ್ಲ ಅಂತ ಮಾಡಿ, ಕೆಂಪು ಕಲ್ಲು ಹಾಸಿ, 2021ರಲ್ಲಿ ಉದ್ಘಾಟಿಸಿದರು. ನೋಡಲು ತುಂಬ ಚೆನ್ನಾಗಿತ್ತು. ನಿಗಾ ಸಡಿಲವಾದ ಮೇಲೆ ಗಾಡಿಗಳು ಮತ್ತೆ ನುಸುಳಿದವು, ತಡೆಗಂಬಗಳು ಮುರಿದವು ಅಂತ ಪತ್ರಿಕೆಗಳಲ್ಲಿ ದೂರು ಬರತೊಡಗಿದವು. ಕಲ್ಲಿನಲ್ಲಿ ತಪ್ಪಿರಲಿಲ್ಲ. ದಿನಾ ನೋಡಿಕೊಳ್ಳುವವರು ಯಾರು ಅಂತ ಗೊತ್ತಾಗಿರಲಿಲ್ಲ.

ಹಾಗಾಗಿ ನಾನು ಕೇಳುವುದು ಸಣ್ಣದು. ಇಡೀ ಊರಿಗೆ ಯೋಜನೆ ಬೇಡ. ಒಂದು ಬೀದಿ ತೆಗೆದುಕೊಳ್ಳಿ, ನೂರು ಅಂಗಡಿ ಇರುವಂಥದ್ದು. ದಿನಕ್ಕೆ ಅಂಗಡಿಗೆ 20 ರೂಪಾಯಿ. ಎರಡು ಟೀ ದುಡ್ಡು. ದಿನಕ್ಕೆ ಎರಡು ಸಾವಿರ, ತಿಂಗಳಿಗೆ 60 ಸಾವಿರ ಆಗುತ್ತದೆ. ಶೌಚಾಲಯಕ್ಕೆ ಒಬ್ಬರು, ಬೀದಿ ನೋಡಿಕೊಳ್ಳಲು ಒಬ್ಬರು, ಅಲುಗಾಡುವ ಕಲ್ಲು ಕೂರಿಸಲು, ಮುಚ್ಚಳ ಸರಿ ಮಾಡಲು ಗಾರೆಯವನಿಗೆ ಅವಾಗವಾಗ ಕೂಲಿ, ಕೆಟ್ಟ ದೀಪದ ದೂರು ಬರೆಯಲು ಒಂದು ಪುಸ್ತಕ. ದೊಡ್ಡ ರಿಪೇರಿ ಪಾಲಿಕೆಯದೇ, ಅದನ್ನು ನಾವು ಬಿಡಬಾರದು. ಸಣ್ಣದು ನಮ್ಮದು. ಪಾಲಿಕೆಯ ಜೊತೆ ಬರವಣಿಗೆಯಲ್ಲಿ ಒಪ್ಪಂದ ಆಗಲಿ, 1960ರ ಸಂಘಗಳ ಕಾಯ್ದೆ ಕೆಳಗೆ ನೋಂದಣಿಯಾಗಲಿ. ಲೆಕ್ಕ ಪ್ರತಿ ತಿಂಗಳು ಒಂದು ಅಂಗಡಿಯ ಗಾಜಿಗೆ ಅಂಟಿಸಬೇಕು. ಲೆಕ್ಕ ನಾನು ಬರೆದುಕೊಡುತ್ತೇನೆ, ಫೀಸ್ ಬೇಡ. ಗಣೇಶನಿಗೆ, ರಾಜ್ಯೋತ್ಸವಕ್ಕೆ ವಂತಿಗೆ ಎತ್ತುವ ಹುಡುಗರು ಈ ಬೀದಿಯಲ್ಲಿ ಬೇಕಾದಷ್ಟಿದ್ದಾರೆ. ವಸೂಲಿ ಮಾಡಲು ಬರುವುದಿಲ್ಲ ಅಂತ ಮಾತ್ರ ಹೇಳಬೇಡಿ.

ಮೆಟ್ರೊ ಬರುತ್ತದೆ, ಆಮೇಲೆ ಎಲ್ಲ ತಾನೇ ಸರಿಹೋಗುತ್ತದೆ ಅನ್ನುವವರೂ ಇದ್ದಾರೆ. ಬೆಂಗಳೂರಿನ ಹಸಿರು ಮಾರ್ಗ 2024ರ ನವೆಂಬರ್‌ನಲ್ಲಿ ಮಾದಾವರದವರೆಗೆ ಬಂದಿದೆ, ಅಲ್ಲಿಂದ ತುಮಕೂರಿಗೆ ತರುವ ಮಾತು ನಡೆಯುತ್ತಿದೆ. ಬರಲಿ, ಸಂತೋಷ. ಆದರೆ ರೈಲು ಎರಡೂ ಕಡೆ ಓಡುತ್ತದೆ ಅನ್ನುವುದು ನೆನಪಿರಲಿ. ಬೆಂಗಳೂರಿನವರು ಇಲ್ಲಿಗೆ ಬರುವುದಕ್ಕಿಂತ ನಮ್ಮವರು ಸೀರೆಗೆ ಅಲ್ಲಿನ ಚಿಕ್ಕಪೇಟೆಗೆ ಹೋಗುವುದು ಸುಲಭವಾಗುತ್ತದೆ. ಬ್ಲೂರ್ ಬೀದಿಯವರಿಗೆ ಆಗಿದ್ದೂ ಅದೇ.

ನನ್ನ ಮಾತು ಇಷ್ಟೇ. ಪ್ರಶ್ನೆಗಳಿದ್ದರೆ ಕೇಳಿ.

ಪ್ರಶ್ನೆ: ಸಾರ್, ನಾವು ಬಾಡಿಗೆಯವರು. ಬೀದಿ ಚೆನ್ನಾದರೆ ಕಟ್ಟಡದ ಮಾಲೀಕರು ಬಾಡಿಗೆ ಏರಿಸುತ್ತಾರೆ. ವಂತಿಗೆ ನಾವ್ಯಾಕೆ ಕೊಡಬೇಕು?

ನೀವು ಹೇಳುವುದು ನಿಜ, ಇದು ಸುಲಭದ ಪ್ರಶ್ನೆಯಲ್ಲ. ಹಾಗಾಗಿ ಅರ್ಧ ಮಾಲೀಕರಿಂದಲೇ ಬರಬೇಕು. ನಿಮ್ಮ ಹತ್ತು ರೂಪಾಯಿ, ಅವರ ಹತ್ತು. ಅವರನ್ನು ಈ ಸಭೆಗೆ ಕರೆದಿಲ್ಲ ಅಂತ ಕಾಣುತ್ತದೆ. ಮುಂದಿನ ಸಲ ಕರೆಯಿರಿ. ಅಗ್ರಿಮೆಂಟ್ ಹೊಸದು ಮಾಡುವಾಗ ಬೀದಿಯ ವಂತಿಗೆ ಯಾರದೆಷ್ಟು ಅಂತ ಒಂದು ಸಾಲು ಸೇರಿಸಿಬಿಟ್ಟರೆ ಆಮೇಲೆ ತಕರಾರು ಇರುವುದಿಲ್ಲ.

ಪ್ರಶ್ನೆ: ನೂರರಲ್ಲಿ ಅರವತ್ತು ಜನ ಕೊಡ್ತಾರೆ, ನಲವತ್ತು ಜನ ಕೊಡಲ್ಲ. ಆಗ?

ಅರವತ್ತರಲ್ಲೇ ಶುರು ಮಾಡಿ. ಶೌಚಾಲಯದಿಂದ ಶುರು ಮಾಡಿ, ಬೇರೆ ಯಾವುದರಿಂದಲೂ ಬೇಡ. ಕಡ್ಡಾಯ ಮಾಡುವ ಕಾನೂನು ನಮಗೂ ಬೇಕು ಅಂತ ಆಮೇಲೆ ಬೆಂಗಳೂರಿಗೆ ಅರ್ಜಿ ಹಿಡಿದು ಹೋಗೋಣ. ಬರಿಗೈಯಲ್ಲಿ ಹೋದರೆ ಅಲ್ಲಿ ಯಾರೂ ಕೇಳುವುದಿಲ್ಲ. ಒಂದು ವರ್ಷ ನಡೆಸಿದ ಲೆಕ್ಕದ ಪುಸ್ತಕ ಕೈಯಲ್ಲಿರಲಿ.